ಟೊಮೆಟೊ ಸಸಿ ಎಲೆ ಯಾಕೋ ಬೇರೆ ಥರ ಇದ್ಯಾ? ಬೀಜದ ಗುಣವಾ, ಆಮೇಲೆ ಬಂದ ತೊಂದ್ರೆಯಾ ಅಂತ ಕಂಡುಹಿಡಿಯೋದು ಹೀಗೆ

ಒಂದೇ ಪ್ಯಾಕೆಟ್ ಬೀಜ, ಒಂದೇ ದಿನ ಒಂದೇ ಟ್ರೇಗೆ ಹಾಕಿದ್ದು, ಆದ್ರೆ ಮೂರು ವಾರ ಆಗೋ ಹೊತ್ತಿಗೆ ಎರಡು ಮೂರು ಸಸಿ ಮಾತ್ರ ಉಳಿದವುಗಳ ಥರ ಇಲ್ಲ. ಎಲ್ಲದಕ್ಕೂ ಅಂಚಲ್ಲಿ ಹಲ್ಲು ಹಲ್ಲಾಗಿರೋ ಮಾಮೂಲಿ ಎಲೆ ಬಂದಿದ್ರೆ ಇವಕ್ಕೆ ಅಂಚು ನುಣ್ಣಗೆ, ಎಲೆ ಅಗಲ. ಇಲ್ಲಾಂದ್ರೆ ಒಂದಕ್ಕೆ ಎಲೆ ಸೀಳು ಸೀಳಾಗಿ ಸಣ್ಣಗೆ ಬಂದಿದೆ, ಇನ್ನೊಂದು ನೀರು ಸಾಕಷ್ಟಿದ್ರೂ ಜೋತು ಬಿದ್ಕೊಂಡಿದೆ. ಇದನ್ನ ನೋಡಿದ ತಕ್ಷಣ ಬಹಳ ಜನ ವೈರಸ್ ಅಂತ ಕಿತ್ತು ಬಿಸಾಕ್ತಾರೆ, ಇನ್ನು ಕೆಲವರು ಏನೋ ಪೋಷಕಾಂಶದ ಕೊರತೆ ಇರ್ಬೇಕು ಅಂತ ಗೊಬ್ಬರದ ನೀರು ಸುರೀತಾರೆ. ದಯವಿಟ್ಟು ಎರಡನ್ನೂ ಒಂದು ವಾರ ತಡೆದಿಡಿ. ಮೊದಲು ಗೊತ್ತಾಗ್ಬೇಕಿರೋದು ಒಂದೇ, ಈ ಎಲೆ ಬೀಜದಲ್ಲೇ ಬಂದ ಗುಣವಾ ಅಥವಾ ಮೊಳಕೆ ಒಡೆದ ಮೇಲೆ ಗಿಡಕ್ಕೆ ಏನಾದ್ರೂ ಆಗಿದ್ಯಾ. ಅದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು, ಯಾಕಂದ್ರೆ ಬೀಜದ ಗುಣಕ್ಕೆ ಔಷಧಿ ಇಲ್ಲ, ಬೇಕಾಗೂ ಇಲ್ಲ.

ಇದನ್ನ ಬೇರೆ ಮಾಡೋಕ್ಕೆ ಮೂರು ಕಡೆ ನೋಡ್ಬೇಕು. ಒಂದು, ಆ ಗಿಡದಲ್ಲಿ ಎಲ್ಲಾ ಎಲೆನೂ ಅದೇ ಥರ ಇದ್ಯಾ, ಅಥವಾ ಕೆಳಗಿನ ಎಲೆ ಸರಿಯಿದ್ದು ಮೇಲೆ ಬರ್ತಿರೋ ಚಿಗುರು ಮಾತ್ರ ಕೆಟ್ಟಿದ್ಯಾ. ಬೀಜದ ಗುಣ ಆಗಿದ್ರೆ ಮೊದಲ ನಿಜವಾದ ಎಲೆಯಿಂದ ಇವತ್ತಿನ ಎಲೆವರೆಗೂ ಒಂದೇ ದಾರೀಲಿ ಹೋಗತ್ತೆ, ಎಲೆ ದೊಡ್ಡದಾದ ಹಾಗೆ ಆ ಗುಣ ಇನ್ನೂ ಸ್ಪಷ್ಟ ಆಗತ್ತೆ. ಆಮೇಲೆ ಬಂದ ತೊಂದ್ರೆಗೆ ಒಂದು ಶುರುವಾದ ದಿನ ಅಂತ ಇರತ್ತೆ, ಗಿಡದ ಮೇಲೆ ಅದನ್ನ ಬೆರಳಿಟ್ಟು ತೋರಿಸಬಹುದು, ಇಲ್ಲಿವರೆಗೂ ಚೆನ್ನಾಗಿತ್ತು ಇಲ್ಲಿಂದ ಕೆಡ್ತು ಅಂತ. ಎರಡು, ಟ್ರೇನಲ್ಲಿ ಆ ಸಸಿಗಳು ಎಲ್ಲಿವೆ. ಚೆಲ್ಲಾಪಿಲ್ಲಿಯಾಗಿ ಅಲ್ಲೊಂದು ಇಲ್ಲೊಂದು ಇದ್ದು ಪಕ್ಕದ್ದು ಪೂರ್ತಿ ಚೆನ್ನಾಗಿದ್ರೆ ಬೀಜದ ಕಡೆ ಅನುಮಾನ ಪಡಿ, ಒಂದು ಮೂಲೆ ಪೂರ್ತಿ ಅಥವಾ ಲೈಟ್ ಕೆಳಗಿನ ಸಾಲು ಪೂರ್ತಿ ಹಾಗಿದ್ರೆ ಬೆಳಕು ಗಾಳಿ ನೀರು ಮಣ್ಣು ಇವುಗಳ ಕಡೆ. ಮೂರು, ಎಲೆಯ ಆರೋಗ್ಯ. ಆಕಾರ ವಿಚಿತ್ರ ಇದ್ರೂ ಬಣ್ಣ ಸಮವಾಗಿ ಹಸಿರಿದ್ದು ಗಿಡ ಜೋರಾಗಿ ಬೆಳೀತಿದ್ರೆ ಅದು ಸಾಮಾನ್ಯವಾಗಿ ತಳಿಯ ಗುಣ. ಆಕಾರ ಕೆಟ್ಟಿದ್ದು ಜೊತೆಗೆ ಬಣ್ಣನೂ ಕೆಟ್ಟಿದೆ, ಬೆಳವಣಿಗೆನೂ ನಿಂತಿದೆ ಅಂದ್ರೆ ಬೇರೆ ಕಾರಣ ಹುಡುಕ್ಬೇಕು.

ಇನ್ನೊಂದು ಸಣ್ಣ ವಿಷಯ ಇಲ್ಲೇ ಹೇಳ್ಬಿಡ್ತೀನಿ, ಅದು ನಿಜಕ್ಕೂ ನೀವು ಹಾಕಿದ ಬೀಜದ ಸಸಿನೇ ಹೌದಾ ನೋಡ್ಕೊಳ್ಳಿ. ಹಳೇ ಕುಂಡದ ಮಣ್ಣು ಅಥವಾ ಮನೇಲಿ ಮಾಡಿದ ಕಾಂಪೋಸ್ಟ್ ಹಾಕಿದ್ರೆ ಅದರೊಳಗೆ ಇದ್ದ ಟೊಮೆಟೊ ಬೀಜ ತಾನಾಗೇ ಹುಟ್ಟತ್ತೆ, ಕಾಂಪೋಸ್ಟ್ ಚೆನ್ನಾಗಿ ಬಿಸಿ ಆಗದಿದ್ರೆ ಆ ಬೀಜ ಸಾಯಲ್ಲ. ಗುಳಿ ಮಧ್ಯದಲ್ಲಿ ಹಾಕಿದ್ದು, ಸಸಿ ಅಂಚಲ್ಲಿ ಬಂದಿದೆ ಅಂದ್ರೆ ಅನುಮಾನ ಪಡಿ. ಗಣಿಕೆ ಗಿಡ, ಬದನೆ, ಮೆಣಸಿನಕಾಯಿ ಇವೂ ಚಿಕ್ಕದಿದ್ದಾಗ ಮೋಸ ಮಾಡ್ತವೆ, ಎಲ್ಲಾ ಒಂದೇ ಕುಟುಂಬದವು. ಎಲೆನ ಬೆರಳಲ್ಲಿ ಲೈಟಾಗಿ ಉಜ್ಜಿ ಮೂಸಿ ನೋಡಿ, ಟೊಮೆಟೊ ವಾಸನೆ ಬೇರೆ ಯಾವುದಕ್ಕೂ ಇಲ್ಲ.

ಬೀಜದಳ ನೋಡಿ ತೀರ್ಮಾನ ಮಾಡ್ಬೇಡಿ

ಮೊಳಕೆ ಒಡೆದಾಗ ಮೊದಲು ಬರೋ ಉದ್ದನೆಯ ಜೋಡಿ ಎಲೆ ಇದ್ಯಲ್ಲ, ಅದು ಬೀಜದೊಳಗೇ ತಯಾರಾಗಿದ್ದ ಬೀಜದಳ, ಅದರಿಂದ ಎಲೆಯ ಜಾತಿ ಗೊತ್ತಾಗಲ್ಲ. ಕೆಲವೊಮ್ಮೆ ಎರಡರ ಬದಲು ಮೂರು ಬರತ್ತೆ, ಕೆಲವೊಮ್ಮೆ ಎರಡು ಸೇರ್ಕೊಂಡು ಒಂದೇ ಆಗಿರತ್ತೆ, ಬೀಜದ ಸಿಪ್ಪೆ ತಲೆ ಮೇಲೆ ಅಂಟ್ಕೊಂಡು ಕೂತಿದ್ರೆ ತುದಿ ಸುರುಟಿರತ್ತೆ. ಮೂರು ದಳ ಬಂದ ಸಸಿ ಸಾಮಾನ್ಯವಾಗಿ ಚೆನ್ನಾಗೇ ಬೆಳೆಯತ್ತೆ, ಅದು ರೋಗ ಅಲ್ಲ. ಸಿಪ್ಪೆ ಅಂಟಿದ್ರೆ ಒಂದು ಹನಿ ನೀರು ಹಾಕಿ ಸ್ವಲ್ಪ ಹೊತ್ತು ನೆನೆಯೋಕ್ಕೆ ಬಿಟ್ಟು ಮೆಲ್ಲಗೆ ತೆಗೀರಿ, ಒಣಗಿದ್ದಾಗ ಎಳೆದ್ರೆ ಒಳಗಿನ ಸುಳಿ ಕಿತ್ತು ಬರತ್ತೆ. ಸುಳಿ ಇಲ್ಲದ ಸಸಿ ಬೀಜದಳ ಎರಡನ್ನೇ ಇಟ್ಕೊಂಡು ದಪ್ಪಗೆ ಹಸಿರಾಗಿ ನಿಂತುಬಿಡತ್ತೆ, ಅಪರೂಪಕ್ಕೆ ದಳದ ಬುಡದಿಂದ ಪಕ್ಕದ ಚಿಗುರು ಬರತ್ತೆ, ಜಾಗ ಇದ್ರೆ ಕಾಯಿರಿ, ಇಲ್ಲಾಂದ್ರೆ ತೆಗೀರಿ. ಪೂರ್ತಿ ಬೆಳ್ಳಗೆ ಹುಟ್ಟಿದ ಸಸಿ ಮಾತ್ರ ಬದುಕಲ್ಲ, ಹರಿತ್ತು ಇಲ್ಲದೆ ಅದು ಆಹಾರ ಮಾಡ್ಕೊಳ್ಳಲ್ಲ, ಬೀಜದಲ್ಲಿದ್ದ ಸಂಗ್ರಹ ಮುಗಿದ ತಕ್ಷಣ ಒರಗಿಬಿಡತ್ತೆ. ನಿಜವಾದ ಎಲೆ ನಾಲ್ಕು ಬಂದ ಮೇಲೆ ಬೀಜದಳ ಹಳದಿ ಆಗಿ ಉದುರೋದು ಕೂಡ ಸಹಜ, ಅದಕ್ಕೆ ಗಾಬರಿ ಬೇಡ.

ಆಲೂಗಡ್ಡೆ ಎಲೆ, ಎಲ್ಲರೂ ಜಾಸ್ತಿ ಕೇಳೋದು ಇದನ್ನೇ

ಟೊಮೆಟೊದಲ್ಲಿ ಮುಖ್ಯವಾಗಿ ಎರಡು ಥರ ಎಲೆ. ಮಾಮೂಲಿ ಎಲೆ ಅಂದ್ರೆ ಒಂದು ದಂಟಿಗೆ ಹಲವಾರು ಕಿರಿ ಎಲೆಗಳು, ಪ್ರತಿಯೊಂದರ ಅಂಚೂ ಗರಗಸದ ಥರ. ಆಲೂಗಡ್ಡೆ ಎಲೆ ಅಂದ್ರೆ ಕಿರಿ ಎಲೆ ಕಮ್ಮಿ, ಇರೋವು ದೊಡ್ಡದು, ಅಂಚು ನುಣ್ಣಗೆ, ನೋಡಿದ್ರೆ ಆಲೂಗಡ್ಡೆ ಗಿಡದ್ದೇ ಎಲೆ ಅನ್ಸತ್ತೆ. ಬ್ರ್ಯಾಂಡಿವೈನ್, ಸ್ಟುಪಿಸೆ ಇವೆಲ್ಲ ಆಲೂಗಡ್ಡೆ ಎಲೆಯ ತಳಿಗಳು, ಚೆರೋಕೀ ಪರ್ಪಲ್ ಮಾಮೂಲಿ ಎಲೆಯದ್ದು. ಹೆಸರು ನೋಡಿ ಮೋಸ ಹೋಗೋದೂ ಉಂಟು, ರೆಡ್ ಬ್ರ್ಯಾಂಡಿವೈನ್ ಅಂತ ಸಿಗೋದಕ್ಕೆ ಮಾಮೂಲಿ ಎಲೆ, ಹಾಗಾಗಿ ಬೀಜ ತಪ್ಪಾಗಿದೆ ಅನ್ನೋಕ್ಕೆ ಮುಂಚೆ ಆ ತಳಿಗೆ ಯಾವ ಎಲೆ ಇರ್ಬೇಕು ಅಂತ ಖಚಿತ ಮಾಡ್ಕೊಳ್ಳಿ.

ನೋಡೋ ಕ್ರಮ ಹೀಗೆ. ಮೊದಲ ನಿಜವಾದ ಎಲೆ ಬಂದಾಗ್ಲೇ ನಿರ್ಧಾರ ಬೇಡ, ಮಾಮೂಲಿ ಎಲೆಯ ತಳಿಲೂ ಮೊದಲ ಎಲೆ ಸ್ವಲ್ಪ ಸರಳವಾಗಿ, ಹಲ್ಲು ಕಮ್ಮಿ ಇದ್ದು ಬರತ್ತೆ. ಮೂರನೇ ನಾಲ್ಕನೇ ಎಲೆ ಪೂರ್ತಿ ಬಿಚ್ಕೊಳ್ಳೋವರೆಗೂ ಕಾಯಿರಿ, ಆಮೇಲೆ ದಂಟಿನ ತುದೀಲಿರೋ ದೊಡ್ಡ ಕಿರಿ ಎಲೆನ ಬೆರಳ ಮೇಲೆ ಹರಡಿ ಅದರ ಅಂಚನ್ನ ಬುಡದಿಂದ ತುದಿವರೆಗೆ ಕಣ್ಣಲ್ಲೇ ಸವರ್ಕೊಂಡು ಹೋಗಿ. ಮಾಮೂಲಿ ಎಲೆಗೆ ಎರಡೂ ಕಡೆ ಮತ್ತೆ ಮತ್ತೆ ಒಳಗೆ ಕತ್ತರಿಸಿದ ಹಾಗೆ ಕಚ್ಚು ಸಿಗತ್ತೆ. ಆಲೂಗಡ್ಡೆ ಎಲೆಗೆ ಬುಡದ ಹತ್ತಿರ ಹೆಬ್ಬೆರಳಿನ ಥರ ಒಂದೋ ಎರಡೋ ಚಾಚು ಇರಬಹುದು, ಉಳಿದ ಅಂಚು ಒಂದೇ ಗೆರೆ. ಅನುಮಾನ ಇದ್ರೆ ಇನ್ನೊಂದು ಎಲೆ ಬರೋವರೆಗೂ ಬಿಡಿ, ಕಳ್ಕೊಳ್ಳೋದು ಏನೂ ಇಲ್ಲ.

ಈಗ ಇದರ ಹಿಂದಿನ ಲೆಕ್ಕ, ಇದು ಗೊತ್ತಿದ್ರೆ ಬೀಜದ ಚರಿತ್ರೆನೇ ಓದಬಹುದು, ನನಗೆ ಟೊಮೆಟೊದಲ್ಲಿ ಅತಿ ಇಷ್ಟದ ವಿಷಯ ಇದೇ. ಮಾಮೂಲಿ ಎಲೆಯ ಗುಣ ಪ್ರಬಲ, ಆಲೂಗಡ್ಡೆ ಎಲೆಯ ಗುಣ ದುರ್ಬಲ, ಎರಡಕ್ಕೂ ಕಾರಣ 6ನೇ ಕ್ರೋಮೋಸೋಮಿನ ಮೇಲಿರೋ ಒಂದೇ ಜೀನ್. ಗಿಡಕ್ಕೆ ಅಪ್ಪ ಅಮ್ಮ ಎರಡೂ ಕಡೆಯಿಂದ ಆಲೂಗಡ್ಡೆ ಎಲೆಯ ಪ್ರತಿ (ಆ ಜೀನಿನ ನಕಲು) ಬಂದ್ರೆ ಮಾತ್ರ ಆ ಎಲೆ ಕಾಣತ್ತೆ, ಒಂದೇ ಕಡೆಯಿಂದ ಬಂದ್ರೆ ಅದು ಒಳಗೆ ಅಡಗಿರತ್ತೆ, ಹೊರಗೆ ಮಾಮೂಲಿ ಎಲೆನೇ.

ಹಾಗಾಗಿ ಆಲೂಗಡ್ಡೆ ಎಲೆಯ ಗಿಡದಿಂದ ಬೀಜ ತೆಗೆದು ಹಾಕಿದಾಗ ನಡುವೆ ಮಾಮೂಲಿ ಎಲೆ ಸಸಿ ಬಂದ್ರೆ, ಬೀಜ ಕಲಬೆರಕೆ ಆಗಿಲ್ಲ, ಅಂದ್ರೆ ಬೇರೆ ತಳಿಯ ಬೀಜ ಸೇರ್ಕೊಂಡಿಲ್ಲ ಅನ್ನೋದು ಖಾತ್ರಿ ಇದ್ರೆ, ಆ ಸಸಿ ಬೆರಕೆ, ಅಂದ್ರೆ ಎರಡು ತಳಿ ಕೂಡಿ ಹುಟ್ಟಿದ್ದು ಅಂತ ತಕ್ಷಣ ಹೇಳಬಹುದು. ಹೋದ ಸಲ ಜೇನುನೊಣನೋ ಇನ್ಯಾವುದೋ ನೊಣನೋ ಪಕ್ಕದ ಮಾಮೂಲಿ ಎಲೆ ಗಿಡದ ಪರಾಗ ತಂದು ಹಾಕಿದೆ. ಅದಕ್ಕೇ ಬೀಜ ಎತ್ತಿಡೋರಿಗೆ ಆಲೂಗಡ್ಡೆ ಎಲೆ ತಳಿ ಅಂದ್ರೆ ಒಂದು ಅನುಕೂಲ, ಬೆರಕೆ ಆಗಿರೋದು ಸಸಿ ಹಂತದಲ್ಲೇ ಸಿಕ್ಕಿಬೀಳತ್ತೆ. ಪಕ್ಕದಲ್ಲಿದ್ದ ಗಿಡನೂ ಆಲೂಗಡ್ಡೆ ಎಲೆದೇ ಆಗಿದ್ರೆ ಮಾತ್ರ ಬೆರಕೆ ಆದ್ರೂ ಎಲೆಯಲ್ಲಿ ಕಾಣಲ್ಲ, ಹಣ್ಣು ಬಂದಾಗ್ಲೇ ಗೊತ್ತಾಗೋದು.

ಉಲ್ಟಾ ಕೇಸ್ ಇನ್ನೂ ಕುತೂಹಲದ್ದು, ಇಲ್ಲೇ ಬಹಳ ಜನ ಎಡವೋದು. ಮಾಮೂಲಿ ಎಲೆಯ ಗಿಡದಿಂದ ಬೀಜ ತೆಗೆದಿದ್ದೀರಿ, ಈ ಸಲ ಕೆಲವು ಸಸಿಗೆ ಆಲೂಗಡ್ಡೆ ಎಲೆ ಬಂತು. ಹೋದ ವರ್ಷ ಪಕ್ಕದಲ್ಲಿ ಬ್ರ್ಯಾಂಡಿವೈನ್ ಇತ್ತು, ಅದರ ಜೊತೆ ಬೆರಕೆ ಆಯ್ತು ಅಂತ ಹೇಳ್ತಾರೆ. ಅದು ಆಗೋಕ್ಕೆ ಸಾಧ್ಯ ಇಲ್ಲ. ಹೋದ ವರ್ಷ ಬೆರಕೆ ಆಗಿದ್ರೆ ಈ ವರ್ಷದ ಸಸಿಗೆ ಒಂದು ಪ್ರಬಲ ಪ್ರತಿ ತಾಯಿಯಿಂದ ಬಂದೇ ಬಂದಿರತ್ತೆ, ಎಲೆ ಮಾಮೂಲಿಯಾಗೇ ಕಾಣ್ಬೇಕು. ಈಗ ಆಲೂಗಡ್ಡೆ ಎಲೆ ಕಾಣ್ತಿದೆ ಅಂದ್ರೆ ನೀವು ಬೀಜ ತೆಗೆದ ತಾಯಿ ಗಿಡನೇ ಬೆರಕೆ ಆಗಿತ್ತು, ಅಂದ್ರೆ ಬೆರಕೆ ನಡೆದಿದ್ದು ಕನಿಷ್ಠ ಒಂದು ತಲೆಮಾರು ಹಿಂದೆ. ಆಗ ನಾಲ್ಕರಲ್ಲಿ ಒಂದು ಪಾಲು ಆಲೂಗಡ್ಡೆ ಎಲೆ ಬರೋದು ನಿರೀಕ್ಷೆ, ಟ್ರೇ ಎಣಿಸಿ ನೋಡಿ. ಹೈಬ್ರಿಡ್ ಹಣ್ಣಿಂದ ಬೀಜ ಎತ್ತಿಟ್ಟು ಹಾಕಿದಾಗ ಆಗೋದೂ ಇದೇ, ಆ ಹೈಬ್ರಿಡ್‌ನ ಒಂದು ಕಡೆಯ ಪೋಷಕ ತಳಿ ಆಲೂಗಡ್ಡೆ ಎಲೆದಾಗಿದ್ರೆ ಮುಂದಿನ ತಲೆಮಾರಲ್ಲಿ ಅದು ಹೊರಗೆ ಬರತ್ತೆ.

ಎಣಿಸುವಾಗ ಸಂಖ್ಯೆ ಸಾಕಷ್ಟು ಇರ್ಬೇಕು. ನಾಲ್ಕೇ ಸಸಿ ಬೆಳೆಸಿದ್ರೆ ತಾಯಿ ಬೆರಕೆ ಆಗಿದ್ರೂ ಹೆಚ್ಚುಕಮ್ಮಿ ನೂರಕ್ಕೆ 32 ಸಲ ಒಂದೂ ಆಲೂಗಡ್ಡೆ ಎಲೆ ಕಾಣಲ್ಲ, ಹತ್ತು ಬೆಳೆಸಿದ್ರೆ ಆ ಸಾಧ್ಯತೆ ನೂರಕ್ಕೆ 6ರ ಹತ್ತಿರ, ಹದಿನಾರು ಬೆಳೆಸಿದ್ರೆ ನೂರಕ್ಕೆ 1. ಅದಕ್ಕೆ ಒಂದು ಬೀಜದ ಕವರ್ ಶುದ್ಧವಾಗಿದ್ಯಾ ಅಂತ ಎಲೆ ನೋಡಿ ಪರೀಕ್ಷೆ ಮಾಡೋದಾದ್ರೆ ಕನಿಷ್ಠ ಹದಿನಾರು ಸಸಿ ಬೇಕು ಅಂತೀನಿ ನಾನು.

ಐವತ್ತರಲ್ಲಿ ಒಂದೇ ಒಂದು ಬಂದ್ರೆ? ಆಗ ನಾಲ್ಕರಲ್ಲೊಂದು ಅನ್ನೋ ಲೆಕ್ಕ ಹೊಂದಲ್ಲ. ಬೇರೆ ತಳಿಯ ಬೀಜ ಒಂದು ಕವರಿಗೆ ಬಿದ್ದಿರಬಹುದು, ಇದೇ ಅತಿ ಸಾಮಾನ್ಯ ಕಾರಣ, ಒಣಗಿಸೋ ತಟ್ಟೆ, ಜರಡಿ, ಕೈ ಇವುಗಳಲ್ಲಿ ಒಂದು ಬೀಜ ಅಂಟ್ಕೊಂಡು ಬರೋದು ಏನೂ ದೊಡ್ಡದಲ್ಲ. ಅಥವಾ ಹಲವಾರು ಗಿಡದ ಹಣ್ಣು ಒಟ್ಟಿಗೆ ಹಿಂಡಿ ಬೀಜ ತೆಗೆದಿದ್ರೆ ಅದರಲ್ಲಿ ಒಂದು ಗಿಡ ಮಾತ್ರ ಬೆರಕೆ ಆಗಿದ್ದು ಪ್ರಮಾಣ ತೆಳುವಾಗಿರತ್ತೆ. ತಾನಾಗೇ ಆದ ರೂಪಾಂತರ ಅನ್ನೋದು ಇದೆ, ಆದ್ರೆ ಅದನ್ನ ಕೊನೇಲಿ ಯೋಚಿಸಿ.

ಟೊಮೆಟೊ ಹೂವು ತನ್ನ ಪರಾಗ ತಾನೇ ಬಳಸ್ಕೊಳ್ಳತ್ತೆ, ಬೆರಕೆ ಹೇಗೆ ಆಗತ್ತೆ ಅಂತ ಕೇಳ್ತಾರೆ. ಬಹುಪಾಲು ಹೌದು, ಕೇಸರಗಳು ಕೊಳವೆ ಥರ ಸೇರ್ಕೊಂಡು ಶಲಾಕೆನ (ಪರಾಗ ತಗೊಳ್ಳೋ ಹೆಣ್ಣು ಭಾಗ) ಮುಚ್ಚಿರತ್ತೆ. ಆದ್ರೆ ಕೆಲವು ತಳಿಲಿ ಶಲಾಕೆ ಕೊಳವೆಯಿಂದ ಆಚೆ ಚಾಚಿರತ್ತೆ, ಆಲೂಗಡ್ಡೆ ಎಲೆಯ ಹಲವು ತಳಿಗಳು, ದಪ್ಪ ದಪ್ಪ ಹಣ್ಣಿನ ತಳಿಗಳ ಜೋಡಿ ಹೂವು, ತೀರಾ ಸಣ್ಣ ಹಣ್ಣಿನ ಕಾಡು ಜಾತಿ ಇವುಗಳಲ್ಲಿ ಇದು ಜಾಸ್ತಿ. ಹೂವನ್ನ ಪಕ್ಕದಿಂದ ನೋಡಿ, ಹಳದಿ ಕೊಳವೆ ತುದೀಲಿ ಗುಂಡುಸೂಜಿ ತಲೆಯಷ್ಟು ಹಸಿರು ಚುಕ್ಕಿ ಹೊರಗೆ ಕಂಡ್ರೆ ಆ ಗಿಡದ ಬೀಜಕ್ಕೆ ಬೆರಕೆ ಅಪಾಯ ಇದೆ ಅಂತ ಅರ್ಥ.

ಬೀಜದಿಂದಲೇ ಬರೋ ಬೇರೆ ಎಲೆಗಳು

ಎಲೆ ಕ್ಯಾರೆಟ್ ಸೊಪ್ಪಿನ ಹಾಗೆ ನವಿರಾಗಿ ಸೀಳಿದ್ರೆ ಅದೂ ಒಂದು ತಳಿಗುಣನೇ, ಸಿಲ್ವರಿ ಫರ್ ಟ್ರೀ ಅನ್ನೋ ತಳಿಗೆ ಅದೇ ಗುರುತು. ಹೃದಯದ ಆಕಾರದ ಹಣ್ಣು ಬಿಡೋ ತಳಿಗಳ ಸಸಿ ಬಗ್ಗೆ ಮಾತ್ರ ಬಹಳ ಹುಷಾರಾಗಿರಿ, ಇವುಗಳ ಎಲೆ ಸಣ್ಣಗೆ ಜೋತು ಬಿದ್ದು ಇನ್ನೇನು ಸಾಯತ್ತೆ ಅನ್ನೋ ಹಾಗಿರತ್ತೆ, ಜನ ನೀರು ಹಾಕಿ ಹಾಕಿ ಬೇರು ಕೊಳೆಸಿಬಿಡ್ತಾರೆ. ಮಣ್ಣಲ್ಲಿ ಬೆರಳಿಟ್ಟು ನೋಡಿ, ತೇವ ಇದೆ, ಬೆಳಗ್ಗೆ ತಂಪಲ್ಲೂ ಎಲೆ ಹಾಗೇ ಜೋತಿದೆ, ಆದ್ರೂ ಹೊಸ ಎಲೆ ಬರ್ತಾನೇ ಇದೆ ಅಂದ್ರೆ ಅದು ಅದರ ಸ್ವಭಾವ, ಬಿಟ್ಬಿಡಿ.

ಕಾಂಡ ದಪ್ಪ, ಗಿಡ ಗಿಡ್ಡ, ಎಲೆ ಕಡು ಹಸಿರು, ಮೇಲ್ಮೈ ಸುಕ್ಕು ಸುಕ್ಕಾಗಿದ್ರೆ ಅದು ಕುಳ್ಳ ತಳಿಯ ಗುಣ. ಇದೂ ದುರ್ಬಲ ಗುಣನೇ, ಎತ್ತರದ ತಳಿ ಜೊತೆ ಕೂಡಿಸಿದ ಮೇಲೆ ಎರಡನೇ ತಲೆಮಾರಲ್ಲಿ ನಾಲ್ಕರಲ್ಲೊಂದು ಸಸಿ ಹೀಗೆ ಬರತ್ತೆ, ತಳಿ ಮಾಡೋರು ಟ್ರೇ ಹಂತದಲ್ಲೇ ಇದನ್ನ ಆರಿಸ್ಕೊಳ್ತಾರೆ. ಈ ಸುಕ್ಕಿಗೂ ವೈರಸ್ ಸುಕ್ಕಿಗೂ ವ್ಯತ್ಯಾಸ ಏನಪ್ಪಾ ಅಂದ್ರೆ, ಕುಳ್ಳ ತಳಿಲಿ ಎಲೆ ದಪ್ಪ, ಬಣ್ಣ ಒಂದೇ ಸಮ, ಅಂಚು ಹಳದಿ ಇಲ್ಲ, ಎಲ್ಲಾ ಎಲೆನೂ ಹಾಗೇ.

ಮೈತುಂಬಾ ಬಿಳಿ ನವಿರು ಕೂದಲು ಇರೋ ಅಂಗೋರಾ ಥರದ್ದು, ಹಸಿರು ಬಿಳಿ ಮಿಶ್ರ ಎಲೆದು ಇವೂ ಇವೆ. ಇನ್ನೊಂದು ಗಮನಿಸ್ಬೇಕಾದ್ದು ಕಾಂಡದ ಬಣ್ಣ. ಮಾಮೂಲಿ ಟೊಮೆಟೊ ಸಸಿಗೆ ಬೀಜದಳದ ಕೆಳಗಿನ ಕಾಂಡ ನೇರಳೆ ಛಾಯೆ ಇರತ್ತೆ, ಟ್ರೇನಲ್ಲಿ ಒಂದೆರಡಕ್ಕೆ ಮಾತ್ರ ಪೂರ್ತಿ ತಿಳಿ ಹಸಿರು ಕಾಂಡ ಇದ್ರೆ ಅವಕ್ಕೆ ಆ ನೇರಳೆ ಬಣ್ಣ ಮಾಡೋ ಜೀನ್ ಕೆಲಸ ಮಾಡ್ತಿಲ್ಲ ಅಂತ, ಗಿಡಕ್ಕೆ ಏನೂ ಕೆಡುಕಿಲ್ಲ. ಹೈಬ್ರಿಡ್ ಬೀಜ ಮಾಡೋರು ಇದನ್ನ ಗುರುತಾಗಿ ಬಳಸ್ತಾರೆ, ಗಂಡು ಪರಾಗ ಇಲ್ಲದ ಗಿಡ ಮಾಡೋ ಒಂದು ಜೀನ್ ಈ ಹಸಿರು ಕಾಂಡದ ಜೀನ್ ಪಕ್ಕದಲ್ಲೇ ಇರೋದ್ರಿಂದ ಸಸಿ ಇದ್ದಾಗ್ಲೇ ಯಾವ ಗಿಡ ಬೇಕು ಅಂತ ಗೊತ್ತಾಗತ್ತೆ.

ಬೀಜದ್ದಲ್ಲ ಅಂತ ಆದ್ಮೇಲೆ

ನೇರಳೆ ಎಲೆ: ಎಲೆ ಅಡಿಭಾಗ ಮತ್ತು ನರ ನೇರಳೆ ಆಗಿದ್ರೆ ಎಲ್ಲರೂ ರಂಜಕ ಕಮ್ಮಿ ಅಂತಾರೆ. ಮಣ್ಣಲ್ಲಿ ರಂಜಕ ಇದ್ರೂ ಬೇರಿನ ಹತ್ತಿರ ತಂಪು ಜಾಸ್ತಿ ಇದ್ರೆ ಗಿಡ ತಗೊಳ್ಳಲ್ಲ, ಅದಕ್ಕೆ ಮೊದಲು ಟ್ರೇನ ಬೆಚ್ಚಗಿನ ಜಾಗಕ್ಕೆ ಇಡಿ, ಹೊಸ ಎಲೆ ಹಸಿರಾಗಿ ಬಂದ್ರೆ ಗೊಬ್ಬರ ಬೇಕಾಗಿರ್ಲಿಲ್ಲ ಅಂತ ಅರ್ಥ. ಜೋರು ಎಲ್‌ಇಡಿ ಲೈಟ್ ಕೆಳಗೂ ಸಸಿ ನೇರಳೆ ಆಗತ್ತೆ.

ಲೈಟ್ ಕೆಳಗೆ ಬೆಳೆಸೋರು ಇದನ್ನ ಖಂಡಿತ ನೋಡ್ಕೊಳ್ಳಿ, ಲೈಟ್ 24 ಗಂಟೆ ಉರೀತಿದ್ಯಾ? ಬೇರೆ ಕೆಲವು ಗಿಡ ಸಹಿಸ್ಕೊಳ್ಳತ್ತೆ, ಟೊಮೆಟೊ ಸಹಿಸಲ್ಲ, ರಾತ್ರಿ ಇಲ್ಲದೆ ಹೋದ್ರೆ ಎಲೆ ಚುಕ್ಕೆ ಚುಕ್ಕೆಯಾಗಿ ಹಳದಿ ತಿರುಗತ್ತೆ. ದಿನಕ್ಕೆ 14ರಿಂದ 16 ಗಂಟೆ ಬೆಳಕು, ಉಳಿದಿದ್ದು ಕತ್ತಲೆ. ಟೈಮರ್ ಹಾಕಿದ ಮೇಲೆ ಹೊಸ ಎಲೆ ಸರಿಯಾಗಿ ಬಂದ್ರೆ ರೋಗ ಏನೂ ಇರ್ಲಿಲ್ಲ. ಎಲ್‌ಇಡಿ ಕೆಳಗೆ ಕೆಲವು ತಳಿಗಳ ಎಲೆ ಮೇಲೆ, ಅಡಿಲಿ, ನೀರು ತುಂಬಿದ ಹಾಗೆ ಸಣ್ಣ ಸಣ್ಣ ಬೊಕ್ಕೆ ಏಳತ್ತೆ, ಮುಟ್ಟಿದ್ರೆ ಮರಳಿನ ಥರ ಕೈಗೆ ಸಿಗತ್ತೆ. ಹುಳದ ಮೊಟ್ಟೆ ಅಂತ ಅಂದ್ಕೊಳ್ತಾರೆ, ಆದ್ರೆ ಉಗುರಲ್ಲಿ ಕೆರೆದ್ರೆ ಮೊಟ್ಟೆ ಉದುರತ್ತೆ, ಇದು ಎಲೆಯ ಭಾಗನೇ ಆದ್ರಿಂದ ಉದುರಲ್ಲ. ಕೃತಕ ಬೆಳಕಲ್ಲಿ ನೇರಳಾತೀತ ಕಿರಣ ಇಲ್ಲದಿರೋದು, ಗಾಳಿ ಆಡದೆ ತೇವ ಜಾಸ್ತಿ ಇರೋದು ಇದಕ್ಕೆ ಕಾರಣ. ಫ್ಯಾನ್ ಹಾಕಿ, ನೀರು ಕಮ್ಮಿ ಮಾಡಿ, ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ರೂಢಿ ಮಾಡಿಸಿ.

ಕೆಳಗಿನ ಎಲೆ ಉದ್ದಕ್ಕೆ ಮೇಲ್ಮುಖವಾಗಿ ಸುರುಳಿ ಸುತ್ಕೊಂಡು, ಹಸಿರಾಗೇ ಇದ್ದು, ಮುಟ್ಟಿದ್ರೆ ಗಡುಸಾಗಿದ್ರೆ ಅದು ಬಿಸಿಲು, ಗಾಳಿ, ನೀರಿನ ಏರುಪೇರು. ತುದಿ ಕೆಳಗೆ ಬಾಗಿ ಎಲೆ ವಿಪರೀತ ಕಡು ಹಸಿರಿದ್ರೆ ಸಾರಜನಕ ಜಾಸ್ತಿ ಆಗಿದೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದ್ರೆ ಕಬ್ಬಿಣ, ಹಳೇ ಎಲೆ ಹಾಗಾದ್ರೆ ಮೆಗ್ನೀಸಿಯಂ, ಹಳೇ ಎಲೆ ಪೂರ್ತಿ ಸಮವಾಗಿ ಹಳದಿ ಅಂದ್ರೆ ಸಾರಜನಕ ಕಮ್ಮಿ. ಇವಿಷ್ಟೂ ಗಿಡದ ಮೇಲೆ ಎಲ್ಲಿ ಶುರುವಾಯ್ತು ಅನ್ನೋದ್ರಿಂದಲೇ ಗೊತ್ತಾಗತ್ತೆ, ಹಾಗಾಗಿ ಉದ್ದ ಎಳೆಯಲ್ಲ.

ಕಳೆನಾಶಕ, ಇದನ್ನ ಯಾರೂ ಅನುಮಾನಿಸಲ್ಲ

ಎಲೆ ದಾರದ ಹಾಗೆ ಸಣ್ಣಗಾಗಿದೆ, ನರಗಳು ಒಂದರ ಪಕ್ಕ ಒಂದು ಸಮಾನಾಂತರ ಗೆರೆ ಹೊಡೆದ ಹಾಗೆ ಒತ್ತೊತ್ತಾಗಿವೆ, ಎಲೆ ಬಟ್ಟಲ ಥರ ಮೇಲೆ ಮಡಚಿದೆ, ಕಾಂಡ ತಿರುಚ್ಕೊಂಡಿದೆ. ಇದಕ್ಕೆ ವೈರಸ್ ಅಂತ ಹೆಸರಿಟ್ಟು ಎಷ್ಟೋ ಜನ ಗಿಡ ಕೀಳ್ತಾರೆ, ಆಮೇಲೆ ಅದೇ ಮಣ್ಣಿಗೆ ಹೊಸ ಬೀಜ ಹಾಕಿ ಮತ್ತೆ ಅದೇ ಆಗತ್ತೆ. 2,4-ಡಿ ಥರದ ಕಳೆನಾಶಕದ ಆವಿ ಗಾಳಿಲಿ ತೇಲಿ ಬಂದ್ರೂ ಟೊಮೆಟೊಗೆ ಹೀಗಾಗತ್ತೆ, ಕಳೆನಾಶಕ ಹೊಡೆದಿದ್ದ ಸ್ಪ್ರೇಯರ್ ಸರಿಯಾಗಿ ತೊಳೀದೆ ಸಸಿಗೆ ಬೇರೇನೋ ಹೊಡೆದ್ರೂ ಆಗತ್ತೆ. ಅದಕ್ಕಿಂತ ಕಣ್ಣಿಗೆ ಕಾಣದ ದಾರಿ ಗೊಬ್ಬರದ್ದು. ಕ್ಲೋಪಿರಾಲಿಡ್, ಅಮಿನೋಪಿರಾಲಿಡ್, ಪಿಕ್ಲೋರಾಮ್ ಇವು ಹುಲ್ಲನ್ನ ಬಿಟ್ಟು ಅಗಲ ಎಲೆಯ ಕಳೆನ ಮಾತ್ರ ಕೊಲ್ಲೋ ಔಷಧಿಗಳು, ಹುಲ್ಲುಗಾವಲಿಗೆ ಹೊಡೆದಿದ್ರೆ ಆ ಹುಲ್ಲು ತಿಂದ ದನದ ಸಗಣಿಲೂ ಉಳ್ಕೊಂಡು ಬರತ್ತೆ, ಕಾಂಪೋಸ್ಟ್ ಆದ್ರೂ ಬೇಗ ಒಡೆಯಲ್ಲ. ಟೊಮೆಟೊಗೆ ನೂರು ಕೋಟಿಯಲ್ಲಿ ಕೆಲವೇ ಭಾಗ ಇದ್ರೂ ಸಾಕು, ಎಲೆ ಕೆಡತ್ತೆ.

ಅನುಮಾನ ಇದ್ರೆ ಹುರುಳಿಕಾಯಿ ಬೀಜದ ಪರೀಕ್ಷೆ ಮಾಡಿ, ಲ್ಯಾಬ್ ಬೇಕಾಗಿಲ್ಲ. ಅನುಮಾನದ ಮಣ್ಣು ಅಥವಾ ಗೊಬ್ಬರ ಮಿಶ್ರಣ ಮೂರು ಕುಂಡಕ್ಕೆ, ಗೊಬ್ಬರ ಹಾಕದ ಖಾತ್ರಿ ಇರೋ ಮಿಶ್ರಣ ಇನ್ನು ಮೂರು ಕುಂಡಕ್ಕೆ, ಪ್ರತಿಯೊಂದಕ್ಕೂ ಮೂರು ಮೂರು ಬೀನ್ಸ್ ಅಥವಾ ಬಟಾಣಿ ಬೀಜ. ಒಂದೇ ಜಾಗ, ಒಂದೇ ನೀರು, ಆದ್ರೆ ಒಂದರ ನೀರು ಸೋರಿ ಇನ್ನೊಂದಕ್ಕೆ ಹೋಗ್ಬಾರ್ದು, ಅಡಿ ತಟ್ಟೆ ಬೇರೆ ಬೇರೆ ಇಡಿ. ಮೂರು ವಾರದಲ್ಲಿ ಮೂರು ಎಲೆ ಜೋಡಿ ಬಂದಿರತ್ತೆ. ಅನುಮಾನದ ಕುಂಡದಲ್ಲಿ ಮಾತ್ರ ಚಿಗುರು ಮಡಚಿ ಬಟ್ಟಲಾಗಿದ್ರೆ ಆ ಗೊಬ್ಬರನ ತರಕಾರಿಗೆ ಬಳಸ್ಬೇಡಿ, ಹುಲ್ಲಿರೋ ಕಡೆ ಹಾಕಿ ಅಥವಾ ಹಾಗೇ ಬಿಡಿ. ಗಾಳಿಲಿ ಬಂದ ಕಳೆನಾಶಕ ಅಲ್ಪ ಪ್ರಮಾಣದ್ದಾಗಿದ್ರೆ ಸಸಿ ಕೆಲವು ವಾರದಲ್ಲಿ ಚೇತರಿಸ್ಕೊಂಡು ಸರಿಯಾದ ಎಲೆ ಬಿಡತ್ತೆ, ಮಣ್ಣಲ್ಲೇ ಇದ್ರೆ ಬಿಡಲ್ಲ.

ವೈರಸ್ ಮತ್ತು ನುಸಿ

ವೈರಸ್‌ಗೂ ಕಳೆನಾಶಕಕ್ಕೂ ವ್ಯತ್ಯಾಸ ಹರಡೋ ರೀತಿಲಿ ಇದೆ. ಕಳೆನಾಶಕ ಆ ಜಾಗದ ಎಲ್ಲಾ ಗಿಡಕ್ಕೂ ಒಂದೇ ಸಲ ಬಡಿಯತ್ತೆ, ಪಕ್ಕದಲ್ಲಿರೋ ಬೀನ್ಸ್, ಮೆಣಸಿನಕಾಯಿಗೂ. ವೈರಸ್ ಒಂದು ಗಿಡದಲ್ಲಿ ಶುರುವಾಗಿ ಕೈ, ಕತ್ತರಿ, ಹುಳ ಇವುಗಳ ಜೊತೆ ಒಂದೊಂದಾಗಿ ಹೋಗತ್ತೆ, ವಾಸಿ ಆಗಲ್ಲ. ಮೊಸಾಯಿಕ್ ಗುಂಪಿನ ವೈರಸ್ ಬೀಜದ ಹೊರ ಸಿಪ್ಪೆ ಮೇಲೆ ಕೂತು ಬರತ್ತೆ, ಹಾಗಾಗಿ ಸಣ್ಣ ಸಸಿಲೂ ಕಾಣಬಹುದು. ಎಲೆನ ಬೆಳಕಿಗೆ ಹಿಡಿದು ನೋಡಿ, ತಿಳಿ ಹಸಿರು ಕಡು ಹಸಿರು ತೇಪೆ ತೇಪೆ ಇದ್ಯಾ, ಕಡು ಭಾಗ ಸ್ವಲ್ಪ ಉಬ್ಬಿದ್ಯಾ. 2014-15ರ ಹೊತ್ತಿಗೆ ಇಸ್ರೇಲ್, ಜೋರ್ಡಾನ್ ಕಡೆ ಮೊದಲು ಕಂಡ ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ ಕೂಡ ಇದೇ ಗುಂಪಿಂದು, ಹಳೇ ಮೊಸಾಯಿಕ್ ನಿರೋಧಕ ತಳಿಗಳನ್ನೂ ಅದು ಬಿಡಲ್ಲ. ಹೀಗೆ ಕಂಡ್ರೆ ಆ ಸಸಿನ ಮಣ್ಣು ಸಮೇತ ಕವರಲ್ಲಿ ಹಾಕಿ ತೆಗೆದುಬಿಡಿ, ಸೋಪಲ್ಲಿ ಕೈ ತೊಳೆದು ಆಮೇಲೆ ಉಳಿದದ್ದನ್ನ ಮುಟ್ಟಿ. ತಂಬಾಕು ಮುಟ್ಟಿದ ಕೈಯಿಂದಲೂ ಈ ಗುಂಪಿನ ವೈರಸ್ ಬರತ್ತೆ. ಮುಂದಿನ ಸಲ ಸ್ವಂತ ಬೀಜ ಆಗಿದ್ರೆ ನೂರಕ್ಕೆ 10ರ ಟ್ರೈಸೋಡಿಯಂ ಫಾಸ್ಫೇಟ್ ದ್ರಾವಣದಲ್ಲಿ 15 ನಿಮಿಷ ನೆನೆಸಿ ಚೆನ್ನಾಗಿ ತೊಳೆದು ಒಣಗಿಸಿ, ಗ್ಲವ್ಸ್ ಹಾಕ್ಕೊಂಡು ಮಾಡಿ.

ಬಿಳಿ ನೊಣದಿಂದ ಬರೋ ಎಲೆ ಮುಟುರು ರೋಗದಲ್ಲಿ ಚಿಗುರೆಲೆ ಸಣ್ಣದಾಗಿ ಮೇಲಕ್ಕೆ ಮುದುಡಿ ಅಂಚು ಹಳದಿ ಆಗತ್ತೆ, ಗಿಡ ಗುಜ್ಜಾಗತ್ತೆ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣೋಕ್ಕೆ ಎರಡು ಮೂರು ವಾರ ಬೇಕು, ಹಾಗಾಗಿ ಮೊಳೆತು ಹತ್ತು ದಿನದ ಸಸಿಲಿ ಹಾಗೆ ಕಂಡ್ರೆ ಬೇರೆ ಕಾರಣ ನೋಡಿ. ಎಲೆ ಮಗುಚಿ ಟ್ರೇ ಅಲ್ಲಾಡಿಸಿದಾಗ ಬಿಳಿ ಪುಡಿ ಥರ ಹಾರತ್ತಾ ಅಂತಾನೂ ಗಮನಿಸಿ.

ಕೊನೆಯದು ನುಸಿ. ಚಿಗುರು ಗಡುಸಾಗಿ ತಿರುಚಿ, ಅಡಿಭಾಗ ಕಂಚಿನ ಬಣ್ಣ ತಿರುಗಿ, ಬೆಳವಣಿಗೆ ಪೂರ್ತಿ ನಿಂತಿದ್ರೆ, ಅದೂ ಎಲ್ಲೂ ಒಂದು ಹುಳ ಕಾಣದೆ ಇದ್ರೆ, ಬ್ರಾಡ್ ನುಸಿ ಇರಬಹುದು. ಸುಮಾರು 0.2 ಮಿಲಿಮೀಟರ್, ಬರಿಗಣ್ಣಿಗೆ ಸಿಗಲ್ಲ. 20 ಪಟ್ಟು ದೊಡ್ಡದು ಮಾಡೋ ಲೆನ್ಸ್ ತಗೊಂಡು ಅತಿ ಎಳೆ ಎಲೆ ಅಡಿಲಿ ನರದ ಪಕ್ಕ ಹುಡುಕಿ, ನುಸಿಗಿಂತ ಮೊದಲು ಮೊಟ್ಟೆ ಸಿಗತ್ತೆ, ಪಾರದರ್ಶಕ ಅಂಡಾಕಾರ, ಮೇಲೆ ಸಾಲು ಸಾಲಾಗಿ ಬಿಳಿ ಚುಕ್ಕಿ, ಒಂದು ಸಲ ನೋಡಿದ್ರೆ ಮರೆಯಲ್ಲ. ನೀರಲ್ಲಿ ಕರಗೋ ಗಂಧಕ ಇದಕ್ಕೆ ಕೆಲಸ ಮಾಡತ್ತೆ, ಬಿಸಿಲು ಜೋರಿದ್ದಾಗ ಹೊಡೀಬೇಡಿ, ಎಲೆ ಸುಡತ್ತೆ.

ಬೀಜದ ಗುಣ ಅಂತ ಗೊತ್ತಾದ ಸಸಿನ ಏನು ಮಾಡೋದು

ಕೀಳ್ಬೇಡಿ, ಲೇಬಲ್ ಹಾಕಿ. ಯಾವ ಬೀಜ, ತಾಯಿ ಗಿಡದ ಎಲೆ ಯಾವುದಿತ್ತು, ಒಟ್ಟು ಎಷ್ಟು ಸಸಿಲಿ ಎಷ್ಟು ಹೀಗೆ ಬಂತು, ಇವನ್ನ ಬರೆದಿಡಿ, ಮೂರನೇ ನಾಲ್ಕನೇ ಎಲೆಯ ಫೋಟೋ ಅದೇ ತಳಿಯ ಮಾಮೂಲಿ ಸಸಿ ಪಕ್ಕ ಇಟ್ಟು ತೆಗೀರಿ. ಜಾಗ ಇದ್ರೆ ಎರಡನ್ನಾದ್ರೂ ಬೆಳೆಸಿ ಹಣ್ಣು ನೋಡಿ. ಮಾಮೂಲಿ ಎಲೆಯ ತಳಿಲಿ ಆಲೂಗಡ್ಡೆ ಎಲೆ ಬಂದು ಹಣ್ಣು ಹಳೇದರ ಥರನೇ ಇದ್ರೆ ಅದೇ ತಳಿಯ ಇನ್ನೊಂದು ರೂಪ ಸಿಕ್ಕಿದೆ ಅಂತ ಆಗಬಹುದು, ಹಣ್ಣೂ ಬೇರೆ ಇದ್ರೆ ಬೆರಕೆ ಅಥವಾ ಕಲಬೆರಕೆ. ಆಲೂಗಡ್ಡೆ ಎಲೆ ದುರ್ಬಲ ಗುಣ ಆದ್ರಿಂದ ಅದರ ಸ್ವಂತ ಪರಾಗದ ಬೀಜ ಹಾಕಿದ್ರೆ ಮುಂದೆ ಎಲ್ಲಾ ಸಸಿಗೂ ಅದೇ ಎಲೆ ಬರತ್ತೆ, ಎಲೆ ಮಟ್ಟಿಗೆ ಅದು ಅಲ್ಲೇ ಸ್ಥಿರ. ಹಣ್ಣಿನ ಬಣ್ಣ, ಗಾತ್ರ, ರುಚಿ ಸ್ಥಿರ ಆಗೋಕ್ಕೆ ಮಾತ್ರ ಇನ್ನೂ ಹಲವು ತಲೆಮಾರು ಆರಿಸ್ತಾ ಹೋಗ್ಬೇಕು.

ಬೆರಕೆ ಬೇಡ ಅಂದ್ರೆ ಬೀಜಕ್ಕೆ ಬಿಡೋ ಗೊಂಚಲಿಗೆ ಮೊಗ್ಗು ಇನ್ನೂ ಮುಚ್ಚಿರುವಾಗ್ಲೇ ತೆಳು ಬಲೆಬಟ್ಟೆಯ ಚೀಲ ಕಟ್ಟಿ, ಹೂವು ಬಿಟ್ಟ ಮೇಲೆ ದಿನಾ ಒಂದು ಸಲ ಗೊಂಚಲನ್ನ ಬೆರಳಲ್ಲಿ ತಟ್ಟಿ, ಒಳಗೇ ಪರಾಗ ಉದುರಿ ಕಾಯಿ ಕಚ್ಚತ್ತೆ. ಕಾಯಿ ಕಡಲೆಕಾಳಿನಷ್ಟಾದ ಮೇಲೆ ಚೀಲ ತೆಗೆದು ಆ ದಂಟಿಗೆ ಬಣ್ಣದ ದಾರ ಕಟ್ಟಿ, ಅದೇ ಗೊಂಚಲಲ್ಲಿ ಚೀಲ ತೆಗೆದ ಮೇಲೆ ಅರಳೋ ಹೂವನ್ನ ಚಿವುಟಿ ಹಾಕಿ, ಇಲ್ಲಾಂದ್ರೆ ಹಣ್ಣಾದಾಗ ಯಾವುದು ಒಳಗೆ ಕಚ್ಚಿದ್ದು ಯಾವುದು ಹೊರಗೆ ಕಚ್ಚಿದ್ದು ಗೊತ್ತಾಗಲ್ಲ.